ಕುಶಾಲನಗರದಲ್ಲಿ ಬಸ್ ಪಥ: ಹೊಗೆ ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕುವ ಬಗೆ

ಕೊಡಗಿಗೆ ರೈಲಿಲ್ಲ. ಊರಿನವರಿಗೂ ಪ್ರವಾಸಿಗರಿಗೂ ರಸ್ತೆಯೊಂದೇ ಗತಿ. ವಾರಾಂತ್ಯದಲ್ಲಿ ಮೈಸೂರು ಕಡೆಯಿಂದ ಬರುವ ಕಾರುಗಳು ಕುಶಾಲನಗರದ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಸಾಲುಗಟ್ಟಿದರೆ, ಆಸ್ಪತ್ರೆಗೋ ಸಂತೆಗೋ ಹೊರಟವರ ಬಸ್ಸೂ ಅದೇ ಸಾಲಿನಲ್ಲಿ ಹೊಗೆ ಉಗುಳುತ್ತಾ ನಿಲ್ಲುತ್ತದೆ. ಬಸ್ಸಿಗೆ ಪ್ರತ್ಯೇಕ ಪಥ ಕೇಳುವುದು ನ್ಯಾಯವೇ. ಆದರೆ ಮನವಿ ಬರೆಯುವ ಮೊದಲು ಕೈಯಲ್ಲಿ ಲೆಕ್ಕ ಇರಲಿ.

ಮೊದಲು ಟೇಪು ಹಿಡಿಯಿರಿ. ಚರಂಡಿ ಬಿಟ್ಟು, ಡಾಂಬರಿನ ಅಂಚಿನಿಂದ ಅಂಚಿಗೆ 50 ಮೀಟರಿಗೊಮ್ಮೆ ಅಳೆದು ಬರೆದುಕೊಳ್ಳಿ. ಬಸ್ಸಿನ ಅಗಲ ಸುಮಾರು 2.5 ಮೀಟರ್, ಕನ್ನಡಿ, ಓಲಾಟ ಸೇರಿ ಪಥಕ್ಕೆ 3.5 ಬೇಕು. ಎರಡೂ ದಿಕ್ಕಿನ ಉಳಿದ ವಾಹನಗಳಿಗೆ 7 ಮೀಟರ್ ಸೇರಿಸಿದರೆ 10.5. ಅಷ್ಟು ಸಿಗದ ಕಡೆ ಉದ್ದದ ಪಥದ ಆಸೆ ಬಿಟ್ಟು, ವೃತ್ತಕ್ಕೆ ಮೊದಲಿನ 60–80 ಮೀಟರ್ ಮಾತ್ರ ಮೀಸಲಿಡಲು ಕೇಳಿ. ಬಸ್ಸು ಸಾಲಿನ ತಲೆಗೆ ಬಂದು ನಿಂತರೂ ಸಾಕಷ್ಟು ಸಮಯ ಉಳಿಯುತ್ತದೆ.

ಈ ಜಾಗ ರಸ್ತೆಬದಿಯ ಪಾರ್ಕಿಂಗಿನಿಂದ ಬರಬೇಕೇ ಹೊರತು ಬರೆಯನ್ನು (ರಸ್ತೆಬದಿಯ ಗುಡ್ಡದ ಕಡಿದಾದ ಅಂಚು) ಕಡಿದು ಅಲ್ಲ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯಲ್ಲಂತೂ ಅಗಲೀಕರಣದ ಮಾತೇ ಬೇಡ. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಬುಡ ಕಡಿದ ಇಳಿಜಾರು ಮಳೆಗಾಲ ತಡೆಯುವುದಿಲ್ಲ. ಮರವನ್ನೂ ಮಣ್ಣನ್ನೂ ಕಳೆದುಕೊಂಡು ಡೀಸೆಲ್ ಉಳಿಸುವುದರಲ್ಲಿ ಅರ್ಥವಿಲ್ಲ.

ಆಮೇಲೆ ಎಣಿಕೆ. ಶನಿವಾರ ಬೆಳಗ್ಗೆ 10ರಿಂದ 1, ಭಾನುವಾರ ಸಂಜೆ 3ರಿಂದ 6, ಹೋಲಿಕೆಗೆ ಅದೇ ವಾರದ ಬುಧವಾರ. ದಸರಾ ವಾರ ಬೇಡ. 15 ನಿಮಿಷಕ್ಕೊಂದು ಸಾಲಿನಂತೆ ಬೈಕ್, ಕಾರು, ಜೀಪು, ಬಸ್, ಲಾರಿ ಬೇರೆ ಬೇರೆ ಬರೆಯಿರಿ, ಒಳಗಿರುವ ಜನರನ್ನೂ ಅಂದಾಜಿಸಿ. ಇನ್ನೊಬ್ಬರು ಬಸ್ಸಿನಲ್ಲೇ ಕೂತು, ಜನ ಹತ್ತಿಸಲು ನಿಂತ ಸಮಯ ಬೇರೆ, ಟ್ರಾಫಿಕ್ಕಿನಲ್ಲಿ ನಿಂತ ಸಮಯ ಬೇರೆ ಗುರುತಿಸಲಿ. ಪಥದಿಂದ ಉಳಿಯುವುದು ಎರಡನೆಯದು ಮಾತ್ರ.

ಈಗ ಇಂಧನ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಕಾರ್ಬನ್ ಡೈಆಕ್ಸೈಡ್, ಪೆಟ್ರೋಲ್ ಉರಿದರೆ 2.3 ಕಿಲೋ. ಒಂದು ಉದಾಹರಣೆ ಹಿಡಿಯೋಣ: ಗಂಟೆಗೆ 20 ಬಸ್, ಪ್ರತಿಯೊಂದಕ್ಕೂ 6 ನಿಮಿಷ ಉಳಿತಾಯ, ಒಟ್ಟು 2 ಗಂಟೆ. ನಿಂತಲ್ಲೇ ಓಡುವ ಇಂಜಿನ್ ಗಂಟೆಗೆ 2 ಲೀಟರ್ ಕುಡಿಯುತ್ತದೆ ಎಂದರೆ 4 ಲೀಟರ್, ಅಂದರೆ 11 ಕಿಲೋ ಕಡಿಮೆ. ಆದರೆ ಪಥಕ್ಕೆ ಜಾಗ ಬಿಟ್ಟ 300 ಕಾರುಗಳು ತಲಾ ಒಂದು ನಿಮಿಷ ಹೆಚ್ಚು ನಿಂತರೆ 5 ಗಂಟೆ; ಗಂಟೆಗೆ 0.7 ಲೀಟರಿನಂತೆ 3.5 ಲೀಟರ್, 8 ಕಿಲೋ ಜಾಸ್ತಿ. ಉಳಿದದ್ದು ಬರೀ 3 ಕಿಲೋ! ಇಲ್ಲೇ ಹೆಚ್ಚಿನವರು ಎಡವುವುದು. ಬಸ್ಸು ಬೇಗ ಹೋದ ಮಾತ್ರಕ್ಕೆ ಗಾಳಿ ಶುದ್ಧವಾಗುವುದಿಲ್ಲ, ಕಾರಿನವರು ಬಸ್ ಹತ್ತಬೇಕು. ಕುಶಾಲನಗರದಿಂದ ಮಡಿಕೇರಿಗೆ ಹೋಗಿಬರುವುದು ಹತ್ತಿರಹತ್ತಿರ 60 ಕಿಲೋಮೀಟರ್. ಲೀಟರಿಗೆ 12 ಕೊಡುವ ಕಾರೊಂದನ್ನು ಇಲ್ಲೇ ಬಿಟ್ಟು ಬಸ್ ಹತ್ತಿದರೆ ಉಳಿಯುವುದು 5 ಲೀಟರ್ ಪೆಟ್ರೋಲ್, ಸುಮಾರು 11.5 ಕಿಲೋ. ಆ ಇಪ್ಪತ್ತೂ ಬಸ್ಸುಗಳ ಉಳಿತಾಯಕ್ಕಿಂತ ಒಂದೇ ಕಾರಿನದು ಹೆಚ್ಚು. ಹಾಗಾಗಿ ಮನವಿಯಲ್ಲಿ ಪಥದ ಜೊತೆಗೆ ಕುಶಾಲನಗರದಲ್ಲಿ ಕಾರು ನಿಲ್ಲಿಸಲು ಜಾಗ ಮತ್ತು ವಾರಾಂತ್ಯದಲ್ಲಿ 10–15 ನಿಮಿಷಕ್ಕೊಂದು ಬಸ್ ಕೇಳಲೇಬೇಕು.

ಗಾಳಿಯ ಧೂಳು ಅಳೆಯುವ ಅಗ್ಗದ ಸೆನ್ಸರನ್ನು ಮಳೆಗಾಲದಲ್ಲಿ ನಂಬಬೇಡಿ. ಅದು ಬೆಳಕು ಚದುರುವುದನ್ನು ನೋಡಿ ಎಣಿಸುತ್ತದೆ, ತೇವಾಂಶ ಶೇ. 85 ದಾಟಿದರೆ ಮಂಜಿನ ಹನಿಯೂ ಅದಕ್ಕೆ ಧೂಳೇ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಇಬ್ಬನಿ ಆರಿದ ಮೇಲೆ, ನೆಲದಿಂದ 2–3 ಮೀಟರ್ ಎತ್ತರದಲ್ಲಿಟ್ಟು ತೇವಾಂಶವನ್ನೂ ದಾಖಲಿಸಿ. ಸೌದೆ ಒಲೆಯ ಹೊಗೆ ತಾಗುವ ಮನೆ, ಹೋಟೆಲಿನ ಪಕ್ಕ ಬೇಡ. ಒಂದು ಸೆನ್ಸರ್ ರಸ್ತೆಬದಿಗೆ, ಇನ್ನೊಂದು ಒಳಬೀದಿಗೆ. ಬೇಕಾದದ್ದು ಅವೆರಡರ ವ್ಯತ್ಯಾಸ.

ಬರೀ ಬಣ್ಣದ ಗೆರೆ ಎಳೆದ ಪಥ ಪಾರ್ಕಿಂಗ್ ಜಾಗವಾಗಲು ಹೆಚ್ಚು ದಿನ ಬೇಡ. ಬೆಂಗಳೂರಿನಲ್ಲಿ 2019ರಲ್ಲಿ ಸಿಲ್ಕ್ ಬೋರ್ಡ್–ಕೆ.ಆರ್. ಪುರ ನಡುವಿನ ಬಸ್ ಪಥಕ್ಕೆ ಬೊಲಾರ್ಡ್ (ತಡೆಗಂಬ) ನೆಟ್ಟರೂ ಬೇರೆ ವಾಹನ ನುಗ್ಗುವುದು ನಿಲ್ಲಲಿಲ್ಲ. ಹೀಗಾಗಿ ಪ್ರಾಯೋಗಿಕ ಅವಧಿಯಲ್ಲಿ ಪೊಲೀಸ್ ಸಿಬ್ಬಂದಿ ಬೇಕೆಂದು ಸ್ಪಷ್ಟವಾಗಿ ಬರೆಯಿರಿ. ನಮ್ಮ ಮಳೆಗೆ ಉದ್ದದ ಕಾಂಕ್ರೀಟ್ ಕಟ್ಟೆ ಆಗದು, ನೀರು ಚರಂಡಿಗೆ ಹೋಗದೆ ರಸ್ತೆಯಲ್ಲೇ ನಿಲ್ಲುತ್ತದೆ. ನಡುವೆ ಸಂದು ಬಿಟ್ಟ, ಬಾಗುವ ಪ್ಲಾಸ್ಟಿಕ್ ಕಂಬಗಳೇ ಸರಿ. ನುಣುಪಾದ ಬಣ್ಣದ ಮೇಲೆ ಬೈಕ್ ಜಾರುತ್ತದೆ, ಒರಟು ಮೇಲ್ಮೈಯದನ್ನೇ ಕೇಳಿ.

ಇದು ರಾಷ್ಟ್ರೀಯ ಹೆದ್ದಾರಿ ಆದ್ದರಿಂದ ಸ್ಥಳೀಯ ಸಂಸ್ಥೆಯ ನಿರ್ಣಯವೊಂದೇ ಸಾಲದು. ಮನವಿಯ ಪ್ರತಿ ಜಿಲ್ಲಾಧಿಕಾರಿ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ, ಹೆದ್ದಾರಿ ವಿಭಾಗ ಮೂರಕ್ಕೂ ಹೋಗಲಿ. ಅಳತೆಯ ಪಟ್ಟಿ, ಎಣಿಕೆಯ ಹಾಳೆ ಲಗತ್ತಿಸಿ, ಜನವರಿಯ ನಾಲ್ಕು ವಾರಾಂತ್ಯಗಳಿಗಷ್ಟೇ ಪ್ರಯೋಗ ಕೇಳಿ. ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಮತ್ತೆ ಎಣಿಸಲು ಜನರನ್ನು ಈಗಲೇ ಗೊತ್ತು ಮಾಡಿಕೊಳ್ಳಿ.