ಶ್ರಾವಣಕ್ಕೆ ಕುಡಿತ ಬಿಡುವವರಿಗಾಗಿ ಆಷಾಢದಲ್ಲಿ ನಾವು ಮಾಡುವ ಕೆಲಸ

ಮುಧೋಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ಬಿಪಿ, ಶುಗರ್, ಬಾಣಂತಿಯರು, ಮಕ್ಕಳ ಲಸಿಕೆ, ಇದು ದಿನದ ಕೆಲಸ. ಕೆಲವು ವರ್ಷಗಳಿಂದ ಇದರ ಜೊತೆಗೆ ಕುಡಿತ ಬಿಡುವವರನ್ನು ನೋಡಿಕೊಳ್ಳುವ ಕೆಲಸವೂ ಸೇರಿಕೊಂಡಿದೆ. ಅದನ್ನು ನಾವು ಹೇಗೆ ಮಾಡುತ್ತೇವೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಊರಿನ ನನ್ನಂಥವರಿಗೆ, ಮನೆಯಲ್ಲಿ ಕುಡಿಯುವವರು ಇರುವವರಿಗೆ ಉಪಯೋಗವಾಗಲಿ ಅನ್ನೋದು ನನ್ನ ಆಸೆ.

ನಮ್ಮ ಕಡೆ ಶ್ರಾವಣಕ್ಕೆ ಬಹಳ ಬೆಲೆ. ಹನ್ನೊಂದು ತಿಂಗಳು ಕುಡಿಯುವವರೂ ಆ ಒಂದು ತಿಂಗಳು ಬಾಟಲಿ ಮುಟ್ಟುವುದಿಲ್ಲ. ನಾಗರ ಅಮಾವಾಸ್ಯೆ ರಾತ್ರಿ ಕೊನೆಯ ಕ್ವಾರ್ಟರ್. ಮರುದಿನ ಜಳಕ, ಗುಡಿ, ಆಣೆ. ಒಳ್ಳೆಯ ಪದ್ಧತಿ ಅಂತಲೇ ನಾನು ನಂಬುತ್ತೇನೆ. ಆದರೆ ಅದಾದ ಎರಡು ಮೂರು ದಿನಕ್ಕೆ ಫಿಟ್ಸ್ ಬಂದವರು, ಮೈಯೆಲ್ಲ ಬೆವೆತು ನಡುಗುವವರು, ಗೋಡೆ ಮೇಲೆ ಹುಳ ಹರಿದಾಡುತ್ತವೆ ಅನ್ನುವವರು ಬರತೊಡಗುತ್ತಾರೆ. ಮನೆಯವರು ‘ಗಾಳಿ ಸೋಕೈತಿ’ ಅಂತಾರೆ. ‘ಕದ್ದು ಕುಡದಿರಬೇಕು, ಅದಕ್ಕ ದೇವರು ಕಾಡಾಕತ್ತಾನ’ ಅಂತಾರೆ. ಪಾಪ, ಆತ ಆಣೆ ಮುರಿದಿರುವುದಿಲ್ಲ. ಆಣೆ ಉಳಿಸಿಕೊಂಡಿದ್ದಕ್ಕೇ ಹೀಗಾಗಿರುತ್ತದೆ.

ಮದ್ಯ ಮೆದುಳನ್ನು ಮಂಕು ಮಾಡುತ್ತದೆ. ವರ್ಷಗಟ್ಟಲೆ ದಿನಾ ಕುಡಿದವನ ಮೆದುಳು ಆ ಮಂಕಿನ ಎದುರು ಜೋರು ಮಾಡುತ್ತಾ ಮಾಡುತ್ತಾ ಅದಕ್ಕೇ ಹೊಂದಿಕೊಂಡಿರುತ್ತದೆ. ಕುಡಿತ ಒಮ್ಮೆಲೇ ನಿಂತರೆ, ಹಗ್ಗಜಗ್ಗಾಟದಲ್ಲಿ ಆಚೆ ಕಡೆಯವರು ಹಗ್ಗ ಬಿಟ್ಟ ಹಾಗಾಗುತ್ತದೆ. ಕೊನೆಯ ಗ್ಲಾಸಿನ ನಂತರ ಆರೆಂಟು ಗಂಟೆಯಲ್ಲೇ ಕೈ ನಡುಕ, ಬೆವರು, ವಾಂತಿ ಶುರುವಾಗಬಹುದು. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ ಬರುತ್ತದೆ. ಎರಡು, ಮೂರು, ನಾಲ್ಕನೇ ದಿನ ಬುದ್ಧಿಭ್ರಮಣೆ. ಎಲ್ಲಿದ್ದೇನೆ ಅಂತ ತಿಳಿಯುವುದಿಲ್ಲ, ಇಲ್ಲದ್ದು ಕಾಣುತ್ತದೆ, ಜ್ವರ ಏರುತ್ತದೆ, ಎದೆ ಬಡಿತ ಹೆಚ್ಚುತ್ತದೆ. ಆಗ ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ಎಲ್ಲರಿಗೂ ಹೀಗಾಗುವುದಿಲ್ಲ. ಶನಿವಾರಕ್ಕೊಮ್ಮೆ ಕುಡಿಯುವವನು ನಾಳೆಯೇ ಬಿಟ್ಟರೂ ಏನೂ ಆಗುವುದಿಲ್ಲ. ಗುಟ್ಕಾ, ಬೀಡಿ ಒಮ್ಮೆಲೇ ಬಿಟ್ಟರೆ ಸಿಟ್ಟು, ಚಡಪಡಿಕೆ ಇರುತ್ತೆ, ಜೀವಕ್ಕೆ ಅಪಾಯವಿಲ್ಲ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಕುಡಿಯುವವನ ಕಥೆ ಬೇರೆ.

ಹಾಗಾಗಿ ನಮ್ಮ ಕೆಲಸ ಶ್ರಾವಣಕ್ಕೆ ಶುರುವಾಗುವುದಿಲ್ಲ, ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ಕೂಡಲೇ ಶುರುವಾಗುತ್ತದೆ. ಕೈಯಲ್ಲಿ ಪೂರ್ತಿ ಆಷಾಢ ಇರುತ್ತದೆ.

ಮೊದಲ ಕೆಲಸ ಕೇಳುವುದು. ‘ಕುಡೀತೀರೇನು?’ ಅಂತ ಕೇಳಿದರೆ ಯಾರೂ ಹೌದು ಅನ್ನುವುದಿಲ್ಲ. ನಾನು ಬಿಪಿ ಪಟ್ಟಿ ಕಟ್ಟಿ ಗಾಳಿ ತುಂಬುವಾಗ ಕೇಳುತ್ತೇನೆ. ‘ಉಪ್ಪು ಎಷ್ಟು ತಿಂತೀರಿ, ತಂಬಾಕು ಎಷ್ಟು, ದಾರು ಎಷ್ಟು?’ ಒಂದೇ ಉಸಿರಿನಲ್ಲಿ, ಒಂದೇ ದನಿಯಲ್ಲಿ. ಉಪ್ಪಿನ ಸಾಲಿನಲ್ಲಿ ದಾರೂ ಬಂದರೆ ನಾಚಿಕೆ ಕಡಿಮೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಅನ್ನುವ 10 ಪ್ರಶ್ನೆಗಳ ಪಟ್ಟಿ ಇದೆ. ನಾನು ಅದರ ಮೊದಲ ಮೂರನ್ನು ಎಲ್ಲರಿಗೂ ಕೇಳುತ್ತೇನೆ: ಎಷ್ಟು ಸಲ, ಒಮ್ಮೆಗೆ ಎಷ್ಟು, ಅತಿಯಾಗಿ ಎಷ್ಟು ಸಲ. ಅನುಮಾನ ಬಂದವರಿಗೆ ಉಳಿದವನ್ನು ಕೇಳುತ್ತೇನೆ.

‘ಸ್ವಲ್ಪ ತಗೋತೀನ್ರಿ’ ಅನ್ನುವ ಉತ್ತರವನ್ನು ಅಲ್ಲಿಗೇ ಬಿಡಬಾರದು. ಪ್ಯಾಕೆಟ್ಟೋ, ಕ್ವಾರ್ಟರೋ ಅಂತ ಕೇಳಬೇಕು. 180 ಮಿಲಿಯ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 90ರ ಪ್ಯಾಕೆಟ್‌ನಲ್ಲಿ 30 ಗ್ರಾಂ. ಬೆಳಿಗ್ಗೆ ಒಂದು ಪ್ಯಾಕೆಟ್, ಮಧ್ಯಾಹ್ನ ಒಂದು, ರಾತ್ರಿ ಒಂದು ಕ್ವಾರ್ಟರ್ ಅಂದರೆ ದಿನಕ್ಕೆ 120 ಗ್ರಾಂ ಆಯಿತು. ಆತ ಎಂದೂ ತೂರಾಡಿರುವುದಿಲ್ಲ, ಬೀದಿಯಲ್ಲಿ ಬಿದ್ದಿರುವುದಿಲ್ಲ. ಊರಿನವರ ಕಣ್ಣಿಗೆ ಆತ ಕುಡುಕನೇ ಅಲ್ಲ. ನನಗೆ ಜಾಸ್ತಿ ಭಯ ಇಂಥವರದ್ದೇ.

ಎತ್ತಿನ ವ್ಯಾಪಾರ ಮಾಡುವ ಒಬ್ಬ ಹಿರಿಯರಿದ್ದಾರೆ. ಮಾತು ಮೆತ್ತಗೆ, ಮರ್ಯಾದಸ್ತರು. ಅವರ ಮನೆ ಕಟ್ಟೆ ಮೇಲೆ ಕೂತು ಕೇಳಿದೆ.

‘ಕಾಕಾ, ಈ ಸಲಾನೂ ಶ್ರಾವಣ ಹಿಡೀತೀರಿ?’

‘ಹಿಡೀಲಾರದ ಇರ್ತೀನೇನ ಅಕ್ಕಾರ? ಪ್ರತಿ ವರ್ಷ ಹಿಡೀತೀನಿ.’

‘ಹೋದ ಸಲ ಬಿಟ್ಟಾಗ ಹೆಂಗಿತ್ತರಿ?’

ಅವರು ಸುಮ್ಮನಾದರು. ಒಳಗೆ ಜೋಳ ಹಸನು ಮಾಡುತ್ತಿದ್ದ ಅವರ ಹೆಂಡತಿ ಮೊರ ಬದಿಗಿಟ್ಟು ಬಾಗಿಲಿಗೆ ಬಂದರು. ‘ಅದನ್ನ ನನ್ನ ಕೇಳವಾ. ಮೂರನೇ ದಿನ ರಾತ್ರಿ ಹಾಸಿಗ್ಯಾಗ ಕುಂತು ದಾರ ಹೆಕ್ಕಾಕತ್ತಿದ್ರು. ದಾರ ಎಲ್ಲೈತಿ? ಏನೂ ಇಲ್ಲ. ಎತ್ತು ಬಿಚ್ಚಕೊಂಡು ಹೊಂಟಾವು, ಹಿಡೀರಿ ಹಿಡೀರಿ ಅಂತ ಒದರತಿದ್ರು. ನನ್ನ ಗುರುತ ಹಿಡೀಲಿಲ್ಲ.’

ಇಲ್ಲದ ದಾರ ಹೆಕ್ಕುವುದು, ತನ್ನ ಕಸುಬಿನ ಕೆಲಸವನ್ನೇ ಗಾಳಿಯಲ್ಲಿ ಮಾಡುವುದು ಆ ಬುದ್ಧಿಭ್ರಮಣೆಯ ಗುರುತು. ಒಮ್ಮೆ ಹೀಗಾದವರಿಗೆ ಮತ್ತೊಮ್ಮೆ ಆಗುವ ಸಂಭವ ಹೆಚ್ಚು. ‘ಕಾಕಾ, ಆಣೆ ಶ್ರಾವಣಕ್ಕ ಮಾಡ್ರಿ. ಆದ್ರ ದವಾಖಾನಿಗೆ ಅದಕ್ಕಿಂತ ಒಂದು ವಾರ ಮೊದಲ ಬರ್ರಿ’ ಅಂದೆ. ಆಣೆ ಬಿಡಿ ಅಂದಿದ್ದರೆ ಅವರು ನನ್ನ ಮಾತು ಕೇಳುತ್ತಿರಲಿಲ್ಲ. ಆಣೆಗೆ ಮೈ ತಯಾರು ಮಾಡೋಣ ಅಂದಿದ್ದಕ್ಕೆ ಒಪ್ಪಿದರು.

ಹಿಂದೆ ಫಿಟ್ಸ್ ಅಥವಾ ಭ್ರಮಣೆ ಆದವರು, ಕಣ್ಣು ಹಳದಿಯಾದವರು, ವಯಸ್ಸಾದವರು, ಬೇರೆ ದೊಡ್ಡ ಕಾಯಿಲೆ ಇರುವವರು, ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲದವರು, ಇವರು ಆಸ್ಪತ್ರೆಯಲ್ಲೇ ಬಿಡಬೇಕು. ಉಳಿದವರಿಗೆ ವೈದ್ಯರು ಮನೆಯಲ್ಲೇ ಮಾತ್ರೆ ತೆಗೆದುಕೊಳ್ಳಲು ಬರೆದುಕೊಡುತ್ತಾರೆ. ಸಾಮಾನ್ಯವಾಗಿ ಕ್ಲೋರ್‌ಡೈಯಾಜೆಪಾಕ್ಸೈಡ್, ಲಿವರ್ ಕೆಟ್ಟಿದ್ದರೆ ಲೋರಾಜೆಪಾಮ್. ಮೊದಲ ದಿನ ಹೆಚ್ಚು, ಆಮೇಲೆ ದಿನದಿನ ಇಳಿಸುತ್ತಾ ಒಂದು ವಾರದಲ್ಲಿ ಪೂರ್ತಿ ನಿಲ್ಲಿಸುವುದು. ಈ ಮಾತ್ರೆಗೇ ಚಟ ಹತ್ತಬಾರದು, ಅದರ ಮೇಲೆ ಕುಡಿಯಲೂಬಾರದು. ಅದಕ್ಕೆ ಮಾತ್ರೆಯ ಪಟ್ಟಿ ಹೆಂಡತಿ ಅಥವಾ ಮಗನ ಕೈಯಲ್ಲಿರುತ್ತದೆ. ಆಶಾ ಕಾರ್ಯಕರ್ತೆ ದಿನಾ ಹೋಗಿ ಕೈ ಚಾಚಿಸಿ ನಡುಕ ನೋಡುತ್ತಾರೆ, ನನಗೆ ಫೋನ್ ಮಾಡುತ್ತಾರೆ. ಮಾತ್ರೆ ಬರೆಯುವ ಅಧಿಕಾರ ನನಗಿಲ್ಲ, ಇರಲೂಬಾರದು. ಜನರನ್ನು ಗುರುತಿಸಿ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯ ಶಿಬಿರಕ್ಕೆ ಕಳಿಸುವುದು ನನ್ನ ಪಾಲಿನ ಕೆಲಸ. ತೀರಾ ಕಷ್ಟದವರು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗುತ್ತಾರೆ.

ಸಲಾಯಿನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕುಡಿತ ಬಿಟ್ಟು ಸುಸ್ತಾದವರನ್ನು ಮನೆಯವರು ನೇರ ಹತ್ತಿರದ ಕ್ಲಿನಿಕ್ಕಿಗೆ ಒಯ್ದು ‘ಒಂದು ಗ್ಲೂಕೋಸ್ ಹಚ್ರಿ, ಸಗತಿ ಬರಲಿ’ ಅಂತಾರೆ. ಬಹಳ ಕುಡಿಯುವವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಖಾಲಿಯಾಗಿರುತ್ತದೆ. ಊಟ ಸರಿಯಿರುವುದಿಲ್ಲ, ತಿಂದಿದ್ದೂ ಮೈಗೆ ಹತ್ತಿರುವುದಿಲ್ಲ. ಗ್ಲೂಕೋಸ್ ಕರಗಿಸಲು ಥಯಾಮಿನ್ ಬೇಕು. ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರುಪಾರು ಥಯಾಮಿನ್ನೂ ಮುಗಿದು ಮೆದುಳಿಗೆ ಪೆಟ್ಟು ಬೀಳಬಹುದು. ನಡೆಯುವಾಗ ತೂಗಾಡುತ್ತಾರೆ, ಕಣ್ಣುಗುಡ್ಡೆ ಸರಿಯಾಗಿ ತಿರುಗುವುದಿಲ್ಲ, ಗಲಿಬಿಲಿಯಾಗುತ್ತದೆ. ಆಗಲೂ ಬೇಗ ಥಯಾಮಿನ್ ಸಿಗದಿದ್ದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಆದ್ದರಿಂದ ಮೊದಲು ಥಯಾಮಿನ್ ಇಂಜೆಕ್ಷನ್, ಆಮೇಲೆ ಗ್ಲೂಕೋಸ್. ಹೆಂಗಸರ ಸಂಘದ ಸಭೆಯಲ್ಲಿ ಇದನ್ನು ಪ್ರತಿ ಸಲ ಹೇಳುತ್ತೇನೆ. ಈಗ ನಮ್ಮೂರ ಹೆಣ್ಣುಮಕ್ಕಳು ಕ್ಲಿನಿಕ್ಕಿನಲ್ಲಿ ತಾವೇ ಕೇಳುತ್ತಾರೆ: ‘ಸಾಹೇಬರ, ಬಿ ಒಂದು ಹಾಕೀರೇನ್ರಿ ಮೊದಲ?’ ಈ ಪ್ರಶ್ನೆ ಕೇಳಿದಾಗ ನನಗಾಗುವ ಸಂತೋಷ ಅಷ್ಟಿಷ್ಟಲ್ಲ.

ಗುಟ್ಟಾಗಿ ಚಹಾದಲ್ಲಿ ಹಾಕುವ ಪುಡಿ, ಮಾತ್ರೆ ಕೇಳಿಕೊಂಡು ಬರುವ ತಾಯಂದಿರಿಗೆ ನಾನು ಕೈ ಮುಗಿದು ಬೇಡ ಅನ್ನುತ್ತೇನೆ. ಡೈಸಲ್ಫಿರಾಮ್ ಅನ್ನುವ ಮಾತ್ರೆ ಇದೆ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯಬಹುದು. ತಿಳಿದು, ಒಪ್ಪಿ, ವೈದ್ಯರ ಕಣ್ಣಳತೆಯಲ್ಲಿ ತೆಗೆದುಕೊಳ್ಳುವವರಿಗೆ ಅದು ಒಳ್ಳೆಯ ಆಸರೆ. ತಿಳಿಯದವನಿಗೆ ಹಾಕಿದರೆ ಪ್ರಾಣವೇ ಹೋಗಬಹುದು. ಡಬ್ಬಿ ಮೇಲೆ ಹೆಸರೇ ಇಲ್ಲದ ಪುಡಿಗಳಲ್ಲಿ ಏನಿರುತ್ತೆ ಅಂತ ಮಾರುವವರಿಗೂ ಗೊತ್ತಿರುವುದಿಲ್ಲ.

ನಾನು ಹೇಳಿದಾಗ ಊರಿನವರು ಬೇಸರ ಮಾಡಿಕೊಳ್ಳುವ ಇನ್ನೊಂದು ಮಾತಿದೆ. ದಿನಾ ಬಹಳ ಕುಡಿಯುವವನಿಗೆ ಇವತ್ತೇ ವೈದ್ಯರು ಸಿಗದಿದ್ದರೆ ಒಮ್ಮೆಲೇ ನಿಲ್ಲಿಸಬೇಡ, ಸ್ವಲ್ಪ ಸ್ವಲ್ಪ ಇಳಿಸುತ್ತಾ ಬಾ ಅನ್ನುತ್ತೇನೆ. ‘ಸಿಸ್ಟರ್ ಆಗಿ ಕುಡಿ ಅಂತೀರಲ್ರಿ’ ಅಂತ ಒಬ್ಬ ಹಿರಿಯರು ಜಗಳಕ್ಕೇ ಬಂದಿದ್ದರು. ಆದರೂ ನಾನು ಹೇಳುವುದನ್ನು ಬಿಟ್ಟಿಲ್ಲ.

ಧರ್ಮ ಮತ್ತು ಔಷಧಿ ಜೊತೆಯಾಗಿ ನಡೆಯಬೇಕು ಅಂತ ನನಗೆ ಅನ್ನಿಸುವುದಕ್ಕೆ ಕಾರಣ ನಮ್ಮ ಜಿಲ್ಲೆಯಲ್ಲೇ ಇದೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಮಹಾಂತ ಜೋಳಿಗೆ ಶುರು ಮಾಡಿ ಊರೂರು ತಿರುಗಿದರು. ಕಾಳು ಕಡಿ ಕೇಳಲಿಲ್ಲ, ನಿಮ್ಮ ದುಶ್ಚಟಗಳನ್ನು ಜೋಳಿಗೆಗೆ ಹಾಕಿ ಅಂತ ಕೇಳಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಜನ ಬಿಡಲು ತಯಾರಿದ್ದಾರೆ, ಕೇಳುವ ರೀತಿಯಲ್ಲಿ ಕೇಳಬೇಕು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ನಮ್ಮೂರ ಗುಡಿಯ ಪೂಜಾರಿಗಳೂ ಈಗ ಆಣೆ ಮಾಡಿಸುವ ಮೊದಲು ‘ದವಾಖಾನಿಗೆ ತೋರ್ಸೀಯೇನಪಾ?’ ಅಂತ ಕೇಳುತ್ತಾರೆ. ಪೂಜಾರಿಗಳು ಹೇಳಿದ್ದಕ್ಕೆ ಬಂದವರು ನನ್ನ ಕರಪತ್ರ ಓದಿ ಬಂದವರಿಗಿಂತ ಎಷ್ಟೋ ಜಾಸ್ತಿ.

ಇಷ್ಟಾದರೂ ಚಿಕಿತ್ಸೆ ಮುಟ್ಟುವುದು ಕೆಲವರಿಗೆ ಮಾತ್ರ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಕಬ್ಬು ಕಡಿಯಲು ಬಂದು ಜೋಪಡಿಯಲ್ಲಿರುವವರು, ಮೈಕೈ ನೋವಿಗೆ ಅಂತ ಕುಡಿಯುವ ಹೆಣ್ಣುಮಕ್ಕಳು ನನ್ನ ಪಟ್ಟಿಗೆ ಇನ್ನೂ ಸರಿಯಾಗಿ ಬಂದಿಲ್ಲ.

ಶ್ರಾವಣ ಮುಗಿಯಲು ವಾರವಿದ್ದಾಗ ಆ ಮನೆಗಳಿಗೆ ಮತ್ತೆ ಹೋಗುತ್ತೇವೆ. ಬೆನಕನ ಅಮಾವಾಸ್ಯೆ ಕಳೆದ ಮೇಲೆ ಗೆಳೆಯರು ಕರೆಯುತ್ತಾರೆ. ತಿಂಗಳು ಬಿಟ್ಟ ಮೈಗೆ ಹಳೆಯ ಅಳತೆ ತಡೆಯುವುದಿಲ್ಲ, ಅದೇ ಮೊದಲಿನಷ್ಟು ಕುಡಿದರೆ ಅಪಾಯ ಅಂತ ಬಿಡಿಸಿ ಹೇಳುತ್ತೇವೆ. ಆಸೆ ತಗ್ಗಿಸುವ ಮಾತ್ರೆಗಳಿವೆ, ವೈದ್ಯರನ್ನು ಕೇಳಿ ಅನ್ನುತ್ತೇವೆ. ದೀಪಾವಳಿವರೆಗೆ ಎಳೆಯೋಣ್ರಿ ಅಂತ ಕೇಳಿದರೆ ಕೆಲವರು ಒಪ್ಪುತ್ತಾರೆ. ಎತ್ತಿನ ವ್ಯಾಪಾರದ ಕಾಕಾ ದೀಪಾವಳಿ ದಾಟಿಸಿದರು, ಸಂಕ್ರಾಂತಿಗೆ ಮತ್ತೆ ಕುಡಿದರು, ತಾವೇ ಮಂಗಳವಾರದ ಶಿಬಿರಕ್ಕೆ ಬಂದರು. ಈಗ ಮತ್ತೆ ಬಿಟ್ಟಿದ್ದಾರೆ. ಪ್ರತಿ ಮನೆಯ ಗೋಡೆ ಮೇಲೆ ಎರಡು ನಂಬರ್ ಬರೆದು ಬರುತ್ತೇವೆ: ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಫಿಟ್ಸ್ ಬಂದರೆ, ಭ್ರಮಣೆ ಕಂಡರೆ ಈ ಎರಡಕ್ಕೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ ಅಂತ ಕೆಳಗೆ ದಪ್ಪ ಅಕ್ಷರದಲ್ಲಿ ಬರೆಯುತ್ತೇವೆ.