ಗ್ಯಾಸ್ ತುಂಬಿಸುವ ಮುನ್ನ ಹೊರಗಿನ ಯಂತ್ರವನ್ನು ತೊಳೆಯಿರಿ

ಕಲಬುರಗಿಯಲ್ಲಿ ಎ.ಸಿ. ಮೆಕ್ಯಾನಿಕ್‌ಗಳು ಕರೆದ ದಿನವೇ ಬರುವುದು ಹೋಳಿಯ ಬೆನ್ನಿಗೇ ಬರುವ ಶರಣಬಸವೇಶ್ವರರ ಜಾತ್ರೆಯ ತನಕ ಮಾತ್ರ. ತೇರು ಎಳೆದು ಮುಗಿಯುವ ಹೊತ್ತಿಗೆ ಬಿಸಿಲು 40 ಡಿಗ್ರಿಯತ್ತ ಹೊರಟಿರುತ್ತದೆ, ಆಮೇಲೆ ಕರೆದವರಿಗೆ ಸಿಗುವುದು ‘ನಾಳೆ ಬರ್ತೀನ್ರಿ’ ಎಂಬ ಉತ್ತರವೇ. ಆದ್ದರಿಂದ ಒಳಗೊಂದು, ಹೊರಗೊಂದು ಯಂತ್ರವಿರುವ ಸ್ಪ್ಲಿಟ್ ಎ.ಸಿ.ಯ ತಯಾರಿಯನ್ನು ಹೋಳಿ ಹುಣ್ಣಿಮೆಗೆ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು.

ಒಳಗಿನ ಯಂತ್ರದ ಜಾಳಿಗೆಯನ್ನು ತೆಗೆದು, ನಲ್ಲಿಯ ಕೆಳಗೆ ತೊಳೆದು, ನೆರಳಿನಲ್ಲಿ ಒಣಗಿಸಿ ಮತ್ತೆ ಕೂರಿಸಿ. ಇದು ಎಲ್ಲರಿಗೂ ಗೊತ್ತಿರುವ ಕೆಲಸ, ಬಹಳಷ್ಟು ಜನ ಇಲ್ಲಿಗೇ ನಿಲ್ಲಿಸುತ್ತಾರೆ.

ನಿಜವಾದ ಕೆಲಸ ಇರುವುದು ಮಾಳಿಗೆಯ ಮೇಲೆ, ಹೊರಗಿನ ಯಂತ್ರದಲ್ಲಿ. ನಮ್ಮ ಮನೆ ಊರ ಅಂಚಿನಲ್ಲಿದ್ದು, ಹಿಂದಿನ ಹೊಲದಲ್ಲಿ ತೊಗರಿ ರಾಶಿ ನಡೆಯುವಾಗ ಏಳುವ ಹೊಟ್ಟು ನೇರವಾಗಿ ಮಾಳಿಗೆಗೆ ಬರುತ್ತದೆ. ಎರಡು ಬೇಸಿಗೆ ಸತತವಾಗಿ ಕೋಣೆ ತಂಪಾಗದೆ ಹೋದಾಗ ಬಂದ ಮೆಕ್ಯಾನಿಕ್ ಯಂತ್ರದ ಹಿಂಬದಿಯನ್ನು ನೋಡದೆಯೇ ‘ಗ್ಯಾಸ್ ಖಾಲಿ ಆಗ್ಯಾದ್ರಿ’ ಎಂದು ಹೇಳಿ ಹಣ ಪಡೆದು ಹೋದರು. ಮೂರನೆಯ ವರ್ಷ ನಾನೇ ಹಿಂದೆ ಹೋಗಿ ನೋಡಿದರೆ, ಹೊಟ್ಟು ಮತ್ತು ಧೂಳು ಸೇರಿ ಕಂಬಳಿಯಂತೆ ದಪ್ಪಗೆ ಹೆಪ್ಪುಗಟ್ಟಿತ್ತು. ಉಗುರಿನಿಂದ ಕೆರೆದರೆ ಅಂಗೈಯಗಲದ ಚಕ್ಕೆ ಎದ್ದು ಬಂತು. ಫ್ಯಾನು ಗಾಳಿಯನ್ನು ಹಿಂಬದಿಯಿಂದ ಶಾಖ ಬಿಡುವ ಕೊಳವೆಗಳ ಸುರುಳಿಯ ಮೂಲಕ ಎಳೆದು ಮುಂದಕ್ಕೆ ಎಸೆಯುವುದರಿಂದ ಕೊಳೆಯೆಲ್ಲ ಕಣ್ಣಿಗೆ ಬೀಳದ ಆ ಹಿಂಬದಿಯಲ್ಲೇ ಕೂರುತ್ತದೆ, ಕೋಣೆಯ ಶಾಖಕ್ಕೆ ಹೊರಹೋಗುವ ದಾರಿಯೇ ಇಲ್ಲದಂತಾಗುತ್ತದೆ.

ತೊಳೆಯುವ ಮೊದಲು ರಿಮೋಟಿನಿಂದಲ್ಲ, ಮನೆಯ ಸ್ವಿಚ್ ಪೆಟ್ಟಿಗೆಯಲ್ಲಿರುವ ಎಂ.ಸಿ.ಬಿ.ಯಿಂದಲೇ ವಿದ್ಯುತ್ತನ್ನು ಕಡಿತಗೊಳಿಸಿ. ಮೇಲಿನ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿ, ತಂತಿಗಳಿರುವ ಬದಿಯನ್ನು ಪ್ಲಾಸ್ಟಿಕ್ಕಿನಿಂದ ಬಿಗಿಯಾಗಿ ಮುಚ್ಚಿ. ಅಲ್ಲಿರುವ, ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರ್ ಎಂಬ ಬಿಡಿಭಾಗ ವಿದ್ಯುತ್ ಹೋದ ಮೇಲೂ ಹೊಡೆತ ಕೊಡಬಲ್ಲದು, ಆದ್ದರಿಂದ ಅದರ ಹತ್ತಿರ ಕೈ ಹಾಕಬೇಡಿ. ಮೊದಲು ಒಣಗಿರುವಾಗಲೇ ಮೆತ್ತನೆಯ ಬ್ರಷ್ಷಿನಿಂದ ಹಿಂಬದಿಯನ್ನು ಮೇಲಿಂದ ಕೆಳಕ್ಕೆ ಉಜ್ಜಿ. ಸುರುಳಿಯ ಮೇಲಿನ ಅಲ್ಯೂಮಿನಿಯಂ ರೆಕ್ಕೆಗಳು ಕಾಗದದಷ್ಟು ತೆಳುವಾಗಿ ಉದ್ದಕ್ಕೆ ನಿಂತಿರುವುದರಿಂದ ಅಡ್ಡಡ್ಡ ಉಜ್ಜಿದರೆ ಮಡಚಿಕೊಂಡು ಗಾಳಿಯ ದಾರಿಯನ್ನೇ ಮುಚ್ಚುತ್ತವೆ. ಬಳಿಕ ಪೈಪನ್ನು ಫ್ಯಾನಿನ ಬದಿಯಿಂದ ಒಳಗೆ ಹಿಡಿದು, ನೀರು ಹೊರಮುಖವಾಗಿ ಹರಿಯುವಂತೆ ಬಿಡಿ. ಹೊರಗಿನಿಂದ ಹೊಡೆದರೆ ಕೊಳೆ ಇನ್ನಷ್ಟು ಒಳಕ್ಕೆ ಸೇರುತ್ತದೆ. ಹರಿದು ಬರುವ ನೀರು ತಿಳಿಯಾಗುವವರೆಗೆ ಬಿಡದೆ ತೊಳೆಯಿರಿ. ಕಾರು ತೊಳೆಯುವ ಪ್ರೆಷರ್ ಯಂತ್ರವನ್ನು ಖಂಡಿತ ಬಳಸಬಾರದು. ಕೆಲವರು ತರುವ ಆಸಿಡ್ ದ್ರಾವಣ ಲೋಹವನ್ನೇ ತಿನ್ನುತ್ತದೆ, ನೊರೆ ಸ್ಪ್ರೇ ಡಬ್ಬಿಗಳಂತೂ ನನ್ನ ಮಟ್ಟಿಗೆ ದುಡ್ಡು ದಂಡ. ಪಾತ್ರೆ ತೊಳೆಯುವ ಸೋಪಿನ ತೆಳು ನೀರೇ ಸಾಕು. ನಮ್ಮಲ್ಲಿ ಬೋರ್‌ವೆಲ್ ನೀರು ಗಡಸಾಗಿದ್ದು ಒಣಗಿದಾಗ ಬಿಳಿ ಪದರ ಬಿಡುತ್ತದೆ, ಆದ್ದರಿಂದ ಕೊನೆಯ ಒಂದೆರಡು ಬಿಂದಿಗೆ ಸಿಹಿನೀರನ್ನೇ ಹಾಕಿ. ಮುಚ್ಚಳ ಹಾಕುವ ಮುನ್ನ ಒಳಗೆ ಹಲ್ಲಿ, ಇಲಿ ಕಡಿದ ತಂತಿ, ಪಾರಿವಾಳದ ಗೂಡು ಇವೆಯೇ ಎಂದು ನೋಡಿಕೊಳ್ಳಿ.

ಯಂತ್ರಕ್ಕೆ ನೆರಳು ಮಾಡುವುದಿದ್ದರೆ ಮೇಲೆ ಎತ್ತರದಲ್ಲಿ ತಗಡು ಕಟ್ಟಿಸಿ. ಹಿಂದೆ, ಮುಂದೆ ಗೋಣಿಚೀಲ ಸುತ್ತುವುದು ಓಡುವವನ ಮೂಗು ಮುಚ್ಚಿದ ಹಾಗೆ.

ಒಳಗಿನ ಯಂತ್ರದಿಂದ ನೀರು ಹೋಗುವ ಕೊಳವೆಯನ್ನು ಇಲ್ಲಿ ಯಾರೂ ಪರೀಕ್ಷಿಸುವುದಿಲ್ಲ, ಏಕೆಂದರೆ ನಮ್ಮ ಒಣ ಬೇಸಿಗೆಯಲ್ಲಿ ಅದರಿಂದ ಹನಿಯುವುದೇ ಕಡಿಮೆ. ಕಟ್ಟಿಕೊಂಡಿದ್ದರೆ ತಿಳಿಯುವುದು ಜೂನ್‌ನಲ್ಲಿ ಗಾಳಿಗೆ ತೇವ ಬಂದು ಗೋಡೆಯ ಮೇಲೆ ನೀರು ಇಳಿದಾಗ. ಈಗಲೇ ಒಳಗಿನ ಯಂತ್ರದಲ್ಲಿ ನೀರು ಸೇರುವ ತಟ್ಟೆಗೆ ಒಂದು ಲೋಟ ನೀರನ್ನು ನಿಧಾನವಾಗಿ ಸುರಿದು, ಅದು ಹೊರಗಿನ ತುದಿಯಲ್ಲಿ ಬೀಳುವುದನ್ನು ಕಣ್ಣಾರೆ ನೋಡಿ.

ಎಲ್ಲವೂ ಒಣಗಿದ ಮೇಲೆ ಯಂತ್ರವನ್ನು 20 ನಿಮಿಷ ಓಡಿಸಿ, ಒಳಗಿನ ಯಂತ್ರ ಎಳೆದುಕೊಳ್ಳುವ ಗಾಳಿಯ ಮತ್ತು ಹೊರಬಿಡುವ ಗಾಳಿಯ ಉಷ್ಣತೆಯನ್ನು ಥರ್ಮಾಮೀಟರಿನಿಂದ ಅಳೆಯಿರಿ. ವ್ಯತ್ಯಾಸ 8ರಿಂದ 12 ಡಿಗ್ರಿಯಷ್ಟಿದ್ದರೆ ಯಂತ್ರ ಸರಿಯಾಗಿದೆ. ಇನ್ನು 26 ಡಿಗ್ರಿಗೆ ಇಟ್ಟು ಮೇಲಿನ ಫ್ಯಾನು ಹಾಕಿಕೊಂಡು ಮಲಗಿ, 18ಕ್ಕೆ ಇಟ್ಟರೆ ಕೋಣೆ ಬೇಗ ತಂಪಾಗುತ್ತದೆ ಎಂಬುದು ಭ್ರಮೆ. ವ್ಯತ್ಯಾಸ ತೀರಾ ಕಡಿಮೆ ಇದ್ದರೆ ಮಾತ್ರ ಮೆಕ್ಯಾನಿಕ್‌ನನ್ನು ಕರೆಯಿರಿ. ಗ್ಯಾಸ್ ಬಳಸಿದಷ್ಟೂ ಸವೆಯುವ ಪೆಟ್ರೋಲ್ ಅಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆಯ ಜಾಗವನ್ನು ಸೋಪಿನ ಗುಳ್ಳೆಯಲ್ಲಿ ತೋರಿಸಿ ಸರಿಪಡಿಸಿದ ಮೇಲೆಯೇ, ಯಂತ್ರದ ಚೀಟಿಯಲ್ಲಿ ಬರೆದಿರುವ ಆರ್-32 ಅಥವಾ ಆರ್-410ಎ ಅನಿಲವನ್ನು ಅಲ್ಲಿ ನಮೂದಿಸಿದ ತೂಕದಷ್ಟೇ ತುಂಬಬೇಕು. ಆದ್ದರಿಂದ ಬರುವಾಗ ತಕ್ಕಡಿ ತರುತ್ತೀರಾ ಎಂದು ಫೋನಿನಲ್ಲಿಯೇ ಕೇಳಿಬಿಡಿ.