1847ರ ಅಮೆರಿಕನ್ ಅಂಚೆಚೀಟಿ ಅಂಟಿರುವ ಹಳೆಯ ಕಾಗದ: ಕೊಳ್ಳುವ ಮೊದಲು ಓದುವ ಬಗೆ

ಅಮೆರಿಕ ದೇಶಕ್ಕೆಲ್ಲ ಅನ್ವಯಿಸುವ ಮೊದಲ ಎರಡು ಅಂಚೆಚೀಟಿಗಳು ಹೊರಬಂದದ್ದು 1847ರ ಜುಲೈ 1ರಂದು. ಬೆಂಜಮಿನ್ ಫ್ರಾಂಕ್ಲಿನ್ ಇರುವ ಕೆಂಗಂದು ಬಣ್ಣದ 5 ಸೆಂಟ್ ಒಂದು, ಜಾರ್ಜ್ ವಾಷಿಂಗ್ಟನ್ ಇರುವ ಕಪ್ಪು 10 ಸೆಂಟ್ ಇನ್ನೊಂದು. ಎರಡನ್ನೂ ಮುದ್ರಿಸಿದ್ದು ರಾಡನ್, ರೈಟ್, ಹ್ಯಾಚ್ ಅಂಡ್ ಎಡ್ಸನ್ ಕಂಪನಿ. ಚೀಟಿಯ ಕೆಳ ಅಂಚಿನಲ್ಲಿ ಅವರ ಇನಿಷಿಯಲ್‌ಗಳು ಬಲು ಸಣ್ಣ ಅಕ್ಷರದಲ್ಲಿರುತ್ತವೆ. ಅಂಚಿನಲ್ಲಿ ರಂಧ್ರಗಳಿಲ್ಲ, ಹಾಳೆಯಿಂದ ಕತ್ತರಿಯಲ್ಲಿ ಕತ್ತರಿಸಿ ಅಂಟಿಸಬೇಕಿತ್ತು. ನಾಲ್ಕೇ ವರ್ಷ ನಡೆದು 1851ರ ಜುಲೈ 1ಕ್ಕೆ ಇವು ರದ್ದಾದವು.

ಇವು ಬಿಡಿಯಾಗಿ ಸಿಗುತ್ತವೆ, ಅಂಟಿಸಿ ಕಳಿಸಿದ ಮೂಲ ಕಾಗದದ ಸಮೇತವೂ ಸಿಗುತ್ತವೆ. ಎರಡನೆಯದನ್ನು ಸಂಗ್ರಾಹಕರು ‘ಕವರ್’ ಎನ್ನುತ್ತಾರೆ. ಮಡಿಚಿ ಅರಗಿನ ಮುದ್ರೆ ಒತ್ತಿದ ಹಾಳೆಯಾದರೂ ಲಕೋಟೆಯಾದರೂ ಹೆಸರು ಅದೇ. ಕವರಿನಲ್ಲಿ ಚೀಟಿಯ ಜೊತೆಗೆ ವಿಳಾಸ, ಅಂಚೆ ಮೊಹರು, ತಾರೀಖು, ದರ, ಕೆಲವೊಮ್ಮೆ ಒಳಗಿನ ಪತ್ರವೂ ಇರುತ್ತದೆ. ಅಸಲಿ ಕವರಿನಲ್ಲಿ ಇವೆಲ್ಲ ಒಂದಕ್ಕೊಂದು ತಾಳೆಯಾಗುತ್ತವೆ. ಒಂದು ತಾಳೆಯಾಗದಿದ್ದರೂ ಅದಕ್ಕೆ ಕಾರಣ ಸಿಗುವ ತನಕ ದುಡ್ಡು ಬಿಚ್ಚಬೇಡಿ.

ಎಲ್ಲಿಂದ ಶುರು ಮಾಡಬೇಕು

1847ರ ಕವರಿನಿಂದ ಶುರು ಮಾಡಬೇಡಿ. ಚೆನ್ನಾಗಿರುವ 5 ಸೆಂಟ್ ಕವರಿಗೆ ನೂರಾರು ಡಾಲರ್ ಆಗುತ್ತದೆ, 10 ಸೆಂಟಿನದಕ್ಕೆ ಅದಕ್ಕಿಂತ ಹೆಚ್ಚು. ಕಣ್ಣು ಪಳಗಿಸಿಕೊಳ್ಳಲು 1851ರಿಂದ 1861ರವರೆಗೆ ನಡೆದ 3 ಸೆಂಟ್ ವಾಷಿಂಗ್ಟನ್ ಕವರುಗಳು ಸಾಕು. ಅವುಗಳಲ್ಲಿ ಸಾಧಾರಣವಾದವು ಇಂದಿಗೂ ಕೆಲವೇ ಡಾಲರಿಗೆ ದೊರೆಯುತ್ತವೆ. ಹತ್ತಿಪ್ಪತ್ತು ಕವರು ಕೊಂಡು ಮೇಜಿನ ಮೇಲೆ ಹರಡಿ, ಮೊಹರಿನ ಶಾಯಿ ಕಾಗದಕ್ಕೆ ಹೇಗೆ ಇಳಿದಿದೆ, ಅಂಟು ಹೇಗೆ ಹಳದಿಯಾಗಿದೆ, ಮಡಿಕೆಯಲ್ಲಿ ಕೊಳೆ ಎಲ್ಲಿ ಕೂತಿದೆ ಎಂದು ನೋಡಿ. ಅಸಲಿಯನ್ನು ಸಾಕಷ್ಟು ನೋಡದವರಿಗೆ ನಕಲಿ ಕಾಣುವುದಿಲ್ಲ.

ಬೇಕಾದ ಸಾಮಾನು ಕಡಿಮೆ: 10 ಪಟ್ಟು ಹಿಗ್ಗಿಸುವ ಭೂತಗನ್ನಡಿ, 365 ನ್ಯಾನೋಮೀಟರಿನ ಯುವಿ ದೀಪ, ರಂಧ್ರ ಅಳೆಯುವ ಪಟ್ಟಿ, ಚಪ್ಪಟೆ ತುದಿಯ ಚಿಮುಟ, 600 ಡಿಪಿಐ ಸ್ಕ್ಯಾನರ್. ಕಾಗದದೊಳಗಿನ ನೀರ್ಗುರುತು ತೋರಿಸುವ ವಾಟರ್‌ಮಾರ್ಕ್ ದ್ರವವನ್ನು ಕವರಿನ ಹತ್ತಿರ ತರಬೇಡಿ. ಇನ್ನು, ಚೀಟಿಯನ್ನು ನೀರಿನಲ್ಲಿ ನೆನೆಸಿ ಕಾಗದದಿಂದ ಬಿಡಿಸುವ ಅಭ್ಯಾಸ ಇದ್ದರೆ ಇಲ್ಲಿ ಅದನ್ನು ಪೂರ್ತಿ ಮರೆಯಬೇಕು. ಬಿಡಿಸಿದ ಚೀಟಿಯನ್ನು ಮತ್ತೆ ಅಂಟಿಸಿದರೆ ಅದು ತಿದ್ದಿದ ಕವರು ಎನಿಸಿಕೊಳ್ಳುತ್ತದೆ.

ಮೊದಲು ದರ

ಕವರು ಕೈಗೆ ಬಂದೊಡನೆ ಕಣ್ಣು ಚೀಟಿಯ ಅಂದದ ಕಡೆ ಹೋಗುತ್ತದೆ. ಮೊದಲು ವಿಳಾಸ ಓದಿ, ಎಲ್ಲಿಂದ ಎಲ್ಲಿಗೆ ಹೋಯಿತೆಂದು ತಿಳಿದು, ಆ ದಾರಿಗೆ ಆ ಕಾಲದಲ್ಲಿ ಎಷ್ಟು ದರವಿತ್ತೆಂದು ಲೆಕ್ಕ ಹಾಕಿ. ನಕಲಿ ತಯಾರಿಸುವವರು ಎಡವುವುದು ಹೆಚ್ಚಾಗಿ ಇಲ್ಲೇ.

1845ರ ಜುಲೈ 1ರಿಂದ 1851ರ ಜೂನ್ 30ರವರೆಗೆ ಅರ್ಧ ಔನ್ಸ್, ಅಂದರೆ ಸುಮಾರು 14 ಗ್ರಾಂ ತೂಕದ ಪತ್ರಕ್ಕೆ 300 ಮೈಲಿಯೊಳಗೆ 5 ಸೆಂಟ್, ಅದಕ್ಕಿಂತ ದೂರಕ್ಕೆ 10 ಸೆಂಟ್. ನ್ಯೂಯಾರ್ಕಿನಿಂದ ಬಾಸ್ಟನ್, ಫಿಲಡೆಲ್ಫಿಯಾ, ವಾಷಿಂಗ್ಟನ್ ಮೂರೂ 5 ಸೆಂಟಿನ ಊರುಗಳು. ಬಫಲೋ, ನ್ಯೂ ಆರ್ಲಿಯನ್ಸ್ 10 ಸೆಂಟಿನವು. ಮೈಲಿ ಎಂದರೆ ಅಂಚೆ ಸಾಗಿದ ದಾರಿಯ ಮೈಲಿ. ಇಂದಿನ ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆದರೆ ಗಡಿಯಲ್ಲಿರುವ ಊರುಗಳ ಲೆಕ್ಕ ತಪ್ಪುತ್ತದೆ. 1847ರಿಂದ ಪೆಸಿಫಿಕ್ ಕರಾವಳಿಗೆ 40 ಸೆಂಟ್ ಇತ್ತು, ಆದ್ದರಿಂದ ಕ್ಯಾಲಿಫೋರ್ನಿಯಾದ ಪತ್ರದ ಮೇಲೆ ಒಂದೇ 10 ಸೆಂಟ್ ಕಂಡರೆ ಅನುಮಾನಿಸಿ. 1849ರ ಫೆಬ್ರವರಿ 15ರಿಂದ ಬ್ರಿಟನ್ನಿನ ಜೊತೆಗಿನ ಒಪ್ಪಂದದ ದರ 24 ಸೆಂಟ್. ಅಮೆರಿಕದೊಳಗಿನ ಸಾಗಣೆಗೆ 5, ಹಡಗಿಗೆ 16, ಬ್ರಿಟನ್ನಿನೊಳಗೆ 3.

ತೂಕದಲ್ಲೂ ಒಂದು ಸೂಕ್ಷ್ಮವಿದೆ. 1849ರ ಮಾರ್ಚಿನಿಂದ 1851ರ ಜೂನ್‌ವರೆಗೆ ಒಂದು ಔನ್ಸ್ ದಾಟಿದರೆ ನೇರವಾಗಿ ನಾಲ್ಕು ಪಟ್ಟು ದರ. ಒಳನಾಡ ಅಂಚೆಯಲ್ಲಿ ಮೂರು ಪಟ್ಟು ಎಂಬುದೇ ಇರಲಿಲ್ಲ. ಆ ಅವಧಿಯಲ್ಲಿ 300 ಮೈಲಿಯೊಳಗೆ ಹೋದ ಕವರಿನ ಮೇಲೆ 5 ಸೆಂಟಿನ ಮೂರು ಚೀಟಿಗಳು ಅಂದವಾಗಿ ಕೂತಿದ್ದರೆ, ಮೂರನೆಯದು ಎಲ್ಲಿಂದ ಬಂತು ಎಂದು ಕೇಳಬೇಕು.

1851ರ ಜುಲೈ 1ರಿಂದ ದರ ಇಳಿಯಿತು. ಮುಂಗಡ ತೆತ್ತರೆ 3,000 ಮೈಲಿಯವರೆಗೆ 3 ಸೆಂಟ್, ಆಚೆಗೆ 6. ಮುಂಗಡ ಇಲ್ಲದೆ ಪಡೆದವರೇ ತೆರುವುದಾದರೆ 5 ಮತ್ತು 10. 1855ರ ಏಪ್ರಿಲ್ 1ರಿಂದ ಮುಂಗಡ ಕಡ್ಡಾಯವಾಯಿತು, 3,000 ಮೈಲಿಯಾಚೆಗಿನ ದರ 10 ಸೆಂಟ್ ಆಯಿತು. 1856ರ ಜನವರಿ 1ರಿಂದ ಚೀಟಿಯೂ ಕಡ್ಡಾಯ. ದೂರದ ಲೆಕ್ಕ ಪೂರ್ತಿ ಹೋದದ್ದು 1863ರ ಜುಲೈ 1ಕ್ಕೆ. ದೊಡ್ಡ ಊರುಗಳ ಕವರಿನಲ್ಲಿ 3 ಸೆಂಟಿನ ಪಕ್ಕ 1 ಸೆಂಟ್ ಕಂಡರೆ ಗಾಬರಿ ಬೇಡ. ಆ 1 ಸೆಂಟ್ ಕಾಗದವನ್ನು ಅಂಚೆ ಕಚೇರಿಗೆ ಒಯ್ದ ಅಂಚೆಯಾಳಿನ ಶುಲ್ಕವಾಗಿರಬಹುದು.

ವರ್ಷ ಹುಡುಕುವುದು

1850ರ ದಶಕದ ನಡುವಿನವರೆಗೆ ಬಹುಪಾಲು ಊರುಗಳ ಮೊಹರಿನಲ್ಲಿ ತಿಂಗಳು, ದಿನ ಮಾತ್ರ ಇರುತ್ತಿದ್ದವು, ವರ್ಷ ಇರಲಿಲ್ಲ. ಹಾಗಾಗಿ ವರ್ಷವನ್ನು ಒಳಗಿನ ಪತ್ರದ ತಲೆಯಲ್ಲಿ ಹುಡುಕಿ. ಪತ್ರ ಇಲ್ಲದಿದ್ದರೆ ಪಡೆದ ವ್ಯಾಪಾರಿ ಅಥವಾ ಗುಮಾಸ್ತ ಹಾಳೆಯ ಬದಿಯಲ್ಲಿ ಬರೆದ ಷರಾ ನೋಡಿ: ಯಾರಿಂದ ಬಂತು, ಯಾವಾಗ ಬಂತು, ಯಾವಾಗ ಉತ್ತರ ಕೊಟ್ಟದ್ದು ಎಂದಿರುತ್ತದೆ. ಒಳಗೆ ಪತ್ರ ಇರುವ ಮಡಿಕೆ ಹಾಳೆಗೆ ನಾವು ಖಾಲಿ ಲಕೋಟೆಗಿಂತ ಹೆಚ್ಚು ಬೆಲೆ ಕೊಡುವುದು ಈ ಕಾರಣಕ್ಕೇ.

ವರ್ಷ ಸಿಕ್ಕರೆ ಚೀಟಿ ಆಗ ಚಲಾವಣೆಯಲ್ಲಿತ್ತೇ ನೋಡಿ. 1851ರ ಜುಲೈ ಆದಮೇಲೆ 1847ರ ಚೀಟಿಯನ್ನು ಗುಮಾಸ್ತರು ಕಣ್ತಪ್ಪಿ ಒಪ್ಪಿದ ಉದಾಹರಣೆಗಳಿವೆ, ಆದರೆ ಅಂಥ ಕವರನ್ನು ಅಸಲಿಯೆಂದು ಪರಿಣತರು ಕೊಟ್ಟ ಪ್ರಮಾಣಪತ್ರವಿಲ್ಲದೆ ಕೊಳ್ಳಬಾರದು. 1861ರಲ್ಲಿ ಮತ್ತೆ ಹೀಗೇ ಆಯಿತು. ದಕ್ಷಿಣದ ರಾಜ್ಯಗಳು ಬೇರೆಯಾದಾಗ ಅಲ್ಲಿನ ಅಂಚೆ ಕಚೇರಿಗಳಲ್ಲಿ ಉಳಿದ ಚೀಟಿಗಳು ಹಣವಾಗದಿರಲಿ ಎಂದು ಸರ್ಕಾರ ಆಗಸ್ಟಿನಿಂದ ಹೊಸ ಚೀಟಿ ತಂದು ಹಳೆಯದನ್ನು ರದ್ದು ಮಾಡಿತು. ಆದರೆ ಬದಲಾವಣೆ ಊರೂರಿಗೆ ಬೇರೆ ಬೇರೆ ದಿನ ತಲುಪಿದ್ದರಿಂದ ಎಲ್ಲೆಡೆಗೂ ಸಲ್ಲುವ ಒಂದೇ ತಾರೀಖಿಲ್ಲ. ಹಳೆಯ ಚೀಟಿ ಮಾನ್ಯವಲ್ಲ ಎಂಬ ಇಂಗ್ಲಿಷ್ ಮೊಹರು ಬಿದ್ದ ಆಗಿನ ಕವರುಗಳಿಗೆ ಒಳ್ಳೆಯ ಬೆಲೆಯಿದೆ.

ಮೊಹರು ಮತ್ತು ಚೀಟಿಯ ನಂಟು

ಊರಿನ ಮೊಹರೋ, ಚೀಟಿಯನ್ನು ಮತ್ತೆ ಬಳಸದಂತೆ ಹೊಡೆಯುವ ರದ್ದತಿ ಗುರುತೋ ಚೀಟಿಯಿಂದ ಕಾಗದಕ್ಕೆ ಹರಿದಿದ್ದರೆ ಅದನ್ನು ‘ಟೈಡ್’ ಎನ್ನುತ್ತಾರೆ. ಭೂತಗನ್ನಡಿಯನ್ನು ಇಡಬೇಕಾದದ್ದು ಚೀಟಿಯ ಅಂಚಿನ ಮೇಲೆ. ಕೈಯಿಂದ ಹೊಡೆದ ಮೊಹರು ಚೀಟಿಯ ದಪ್ಪದ ಮೆಟ್ಟಿಲಲ್ಲಿ ಒಂದಿಷ್ಟು ಹಾರುತ್ತದೆ, ಅಂಚಿಗೆ ತಾಗಿದಂತಿರುವ ಕಾಗದದ ಮೇಲೆ ಶಾಯಿ ಕ್ಷೀಣವಾಗಿರುತ್ತದೆ. ಕುಂಚದಿಂದ ಎಳೆದದ್ದಾದರೆ ಶಾಯಿ ಆ ಮೆಟ್ಟಿಲನ್ನು ನಯವಾಗಿ ಇಳಿದಿರುತ್ತದೆ. ಹಾಳೆ ಬಿಚ್ಚಿ ಹಿಂದಿನಿಂದ ಬೆಳಕು ಬಿಟ್ಟೂ ನೋಡಿ. ಮೊಹರಿನ ಗೆರೆ ಚೀಟಿಯ ಅಡಿಯಲ್ಲಿ ಮುಂದುವರಿದಿದ್ದರೆ, ಮೊಹರು ಬಿದ್ದ ಮೇಲೆ ಚೀಟಿ ಬಂದಿದೆ ಎಂದರ್ಥ. ಚೀಟಿಯ ಸುತ್ತ ಬೇರೆ ಅಳತೆಯ ಅಂಟಿನ ಕಲೆ ಕಂಡರೆ ಮೊದಲು ಅಲ್ಲಿ ಇನ್ನೊಂದು ಚೀಟಿ ಇತ್ತು.

ಹೆಚ್ಚು ನಡೆಯುವ ಮೋಸ ಇದು. ಚೀಟಿಯೇ ಇಲ್ಲದೆ ಹೋದ ಅಗ್ಗದ ಪತ್ರ ಹಿಡಿದು, ಬಿಡಿ 1847 ಚೀಟಿಯನ್ನು ಅಂಟಿಸಿ, ಮೊಹರಿನ ನಾಲ್ಕು ಗೆರೆ ಎಳೆಯುವುದು. ಚೀಟಿ ಇಲ್ಲದ ಪತ್ರಗಳ ಮೂಲೆಯಲ್ಲಿ ದರ ತೆತ್ತಾಗಿದೆ ಎಂಬ ‘ಪೇಯ್ಡ್’ ಅಥವಾ 5, 10 ಎಂಬ ದರದ ಮೊಹರು ಇರುತ್ತಿತ್ತು. ಅದು ಮೂಲೆಯಲ್ಲಿ ಒಂಟಿಯಾಗಿ ನಿಂತಿದ್ದು ಚೀಟಿಯೂ ಇದ್ದರೆ ಎರಡೆರಡು ಸಲ ದರ ತೆತ್ತಂತೆ, ಕಾರಣ ಹುಡುಕಿ. ಆದರೆ ಹಲವು ಊರುಗಳಲ್ಲಿ ಅದೇ ‘ಪೇಯ್ಡ್’ ಅಥವಾ ಅಂಕಿಯ ಮೊಹರನ್ನು ಚೀಟಿಯ ನೆತ್ತಿಯ ಮೇಲೇ ಹೊಡೆದು ರದ್ದು ಮಾಡುತ್ತಿದ್ದರು. ಅದು ಸರಿಯಾದದ್ದು, ಚೆಂದದ್ದು ಕೂಡ.

ಶಾಯಿಯ ಬಣ್ಣಕ್ಕೂ ಊರಿಗೂ ಸಂಬಂಧವಿದೆ. ನ್ಯೂಯಾರ್ಕಿನಲ್ಲಿ ಕೆಂಪು ಮೊಹರು, ಚೌಕದೊಳಗೆ ಬಾಗಿದ ಗೆರೆಗಳ ಕೆಂಪು ರದ್ದತಿ ಗುರುತು. ಫಿಲಡೆಲ್ಫಿಯಾ, ಬಾಲ್ಟಿಮೋರ್‌ಗಳಲ್ಲಿ ನೀಲಿ ಸಾಮಾನ್ಯ. ಸಣ್ಣ ಊರುಗಳ ಪೋಸ್ಟ್‌ಮಾಸ್ಟರುಗಳು ಲೇಖನಿಯಿಂದಲೇ ಗೀಟು ಹಾಕುತ್ತಿದ್ದರು. ಗೀಟಿನ ಚೀಟಿಗೆ ಬೆಲೆ ಕಡಿಮೆಯಾದ್ದರಿಂದ ಆ ಗೀಟನ್ನು ರಾಸಾಯನಿಕದಿಂದ ಅಳಿಸಿ ಕೆಂಪು ಗೆರೆ ಸೇರಿಸುತ್ತಾರೆ. ಯುವಿ ದೀಪದಡಿ ಅಳಿಸಿದ ಶಾಯಿಯ ಜಾಡು ಎಷ್ಟೋ ವೇಳೆ ಎದ್ದು ಕಾಣುತ್ತದೆ. ಆ ಕಾಲದ ಕಾಗದದಲ್ಲಿ ಹೊಳಪು ಕೊಡುವ ರಾಸಾಯನಿಕ ಇರಲಿಲ್ಲ, ಆದ್ದರಿಂದ ಎಲ್ಲಾದರೂ ಬಿಳಿನೀಲಿಯಾಗಿ ಮಿಂಚಿದರೆ ಅದು ನಂತರದ ತೇಪೆ.

10 ಸೆಂಟನ್ನು ಅಡ್ಡಡ್ಡ, ಉದ್ದುದ್ದ ಅಥವಾ ಮೂಲೆಯಿಂದ ಮೂಲೆಗೆ ಕತ್ತರಿಸಿ ಅರ್ಧವನ್ನು 5 ಸೆಂಟಾಗಿ ಬಳಸಿದ ಕವರುಗಳಿವೆ. ಕತ್ತರಿಸಿದ ಅಂಚಿನ ಮೇಲೇ ಮೊಹರು ಹಾದಿರಬೇಕು, ದಾರಿ 300 ಮೈಲಿಯೊಳಗಿರಬೇಕು, ಪ್ರಮಾಣಪತ್ರ ಇರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಬಿಟ್ಟುಬಿಡಿ.

ಚೀಟಿಯೇ ಅಸಲಿಯೇ?

1875ರಲ್ಲಿ ಸರ್ಕಾರವೇ 1847ರ ಎರಡೂ ಚೀಟಿಗಳನ್ನು ಹೊಸ ಅಚ್ಚಿನಲ್ಲಿ ಮತ್ತೆ ಮುದ್ರಿಸಿತು. ಮರುವರ್ಷದ ಶತಮಾನೋತ್ಸವ ಪ್ರದರ್ಶನಕ್ಕಾಗಿ ತಯಾರಾದ ಇವಕ್ಕೆ ಅಂಚೆಯಲ್ಲಿ ಮಾನ್ಯತೆ ಇರಲಿಲ್ಲ, ಆದ್ದರಿಂದ ಕವರಿನ ಮೇಲೆ ಇದ್ದರೆ ಯಾರೋ ಅಂಟಿಸಿದ್ದು. 5 ಸೆಂಟಿನಲ್ಲಿ ಫ್ರಾಂಕ್ಲಿನ್ನನ ಅಂಗಿಯ ಬಿಳಿ ನೆರಿಗೆಯ ಎಡಬದಿ ಸುತ್ತಿನ ಅಂಡಾಕಾರವನ್ನು ಎಲ್ಲಿ ಮುಟ್ಟುತ್ತದೆ ನೋಡಿ. ಅಸಲಿಯಲ್ಲಿ ಅದು ‘ಫೈವ್’ ಪದದ ಮೊದಲ ಅಕ್ಷರದ ತಲೆಯ ಮಟ್ಟಕ್ಕಿದೆ, ಮರುಮುದ್ರಣದಲ್ಲಿ ಅಂಕಿ 5ರ ತಲೆಯ ಮಟ್ಟಕ್ಕೆ. 10 ಸೆಂಟಿನ ಮರುಮುದ್ರಣದಲ್ಲಿ ವಾಷಿಂಗ್ಟನ್ನನ ಕಣ್ಣು ನಿದ್ದೆಗಣ್ಣಿನಂತೆ, ಬಾಯಿಯ ಗೆರೆ ನೇರ, ಎಡಗೆನ್ನೆಯ ಬಳಿಯ ಗುಂಗುರಿನಲ್ಲಿ ಗಾಢ ಕಪ್ಪು ಚುಕ್ಕಿ. ಅಸಲಿಯಲ್ಲಿ ಆ ಚುಕ್ಕಿ ತೀರಾ ಮಸುಕು.

3 ಸೆಂಟಿನಲ್ಲಿ ಮೋಸ ಬೇರೆ ಥರ. 1857ರಿಂದ ಚೀಟಿಗಳಿಗೆ 15½ ಅಳತೆಯ, ಅಂದರೆ 2 ಸೆಂಟಿಮೀಟರಿಗೆ ಅಷ್ಟು, ರಂಧ್ರ ಬಂತು. ರಂಧ್ರವನ್ನು ಕತ್ತರಿಸಿ 1851ರದೆಂದು ಮಾರುತ್ತಾರೆ. ಮೇಲೆ ಕೆಳಗೆ ಹೊರ ಚೌಕಟ್ಟಿನ ಗೆರೆ ಇಲ್ಲದ ಬಗೆಗಳು ರಂಧ್ರದ ಚೀಟಿಗಳಲ್ಲಿ ಮಾತ್ರ ಬಂದವು. ಆ ಗೆರೆಗಳಿಲ್ಲದ ಚೀಟಿ ರಂಧ್ರವಿಲ್ಲದೆ ಕಂಡರೆ ಕತ್ತರಿಯ ಕೆಲಸವೆಂದೇ ತಿಳಿಯಿರಿ.

ಕೊಳ್ಳುವಾಗ

ಬೆಲೆ ನಿಲ್ಲುವುದು ಚೀಟಿಯ ನಾಲ್ಕೂ ಬದಿಯ ಅಂಚು, ಮೊಹರಿನ ಸ್ಪಷ್ಟತೆ, ಕಾಗದದ ಮಡಿಕೆ ಚೀಟಿಯ ಮೇಲೆ ಹಾದಿದೆಯೇ ಎಂಬುದು, ಮತ್ತು ಊರು ಅಥವಾ ದಾರಿ ಎಷ್ಟು ಅಪರೂಪದ್ದು ಎಂಬುದರ ಮೇಲೆ. ಹರಾಜಿನ ವಿವರಣೆಯಲ್ಲಿ ‘ರಿಡ್ಯೂಸ್ಡ್ ಅಟ್ ಲೆಫ್ಟ್’ ಎಂದಿದ್ದರೆ ಲಕೋಟೆಯ ಎಡಬದಿ ಕತ್ತರಿಸಿದ್ದಾರೆ. ‘ಡಿಡ್ ನಾಟ್ ಒರಿಜಿನೇಟ್’ ಎಂದಿದ್ದರೆ ಆ ಚೀಟಿ ಆ ಕಾಗದದ್ದಲ್ಲ.

ಕೆಲವು ನೂರು ಡಾಲರ್ ದಾಟಿದರೆ ಪರಿಣತರ ಪ್ರಮಾಣಪತ್ರ ಬೇಕೇ ಬೇಕು. ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಶನ್ 1945ರಿಂದ ಈ ಕೆಲಸ ಮಾಡುತ್ತಿದೆ. ಪೆನ್ಸಿಲ್ವೇನಿಯಾದ ಬೆಲ್‌ಫಾಂಟ್‌ನಲ್ಲಿರುವ ಅಮೆರಿಕನ್ ಫಿಲಾಟೆಲಿಕ್ ಸೊಸೈಟಿಯೂ ಪರೀಕ್ಷಿಸಿ ಕೊಡುತ್ತದೆ. ಹರಾಜಿಗೆ ಮೊದಲೇ ಕೇಳಿದರೆ, ಪ್ರಮಾಣಪತ್ರ ಸರಿಬಂದರೆ ಮಾತ್ರ ಖರೀದಿ ಅಂತಿಮ ಎಂಬ ಷರತ್ತಿನಲ್ಲಿ ಹಲವು ಸಂಸ್ಥೆಗಳು ಮಾರುತ್ತವೆ. ಸುತ್ತಿಗೆ ಬಿದ್ದ ಮೇಲೆ ಕೇಳಿ ಫಲವಿಲ್ಲ. ಕೂಗಿದ ಬೆಲೆಯ ಮೇಲೆ ಹರಾಜು ಸಂಸ್ಥೆಯ ಶುಲ್ಕ ಬೀಳುತ್ತದೆ. ಭಾರತಕ್ಕೆ ತರಿಸುವವರು ಸಾಗಣೆ, ವಿಮೆ, ಸುಂಕ ಎಲ್ಲ ಕೂಡಿಸಿದ ಮೇಲೇ ತಮ್ಮ ಗರಿಷ್ಠ ಮೊತ್ತ ನಿರ್ಧರಿಸಬೇಕು.

ಪತ್ರದ ಒಳಗನ್ನೂ ಓದಿ. 1847ರ ನವೆಂಬರಿನಲ್ಲಿ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಿಂದ ರಿಚ್ಮಂಡಿಗೆ ಹೋದ ಒಂದು ಪ್ರೇಮಪತ್ರದ ಕೊನೆಯಲ್ಲಿ ಎಂದಿನಂತೆ ಸುಟ್ಟುಬಿಡು ಎಂದು ಬರೆದಿದೆ. ಹುಡುಗಿ ಸುಡಲಿಲ್ಲ. ಅದರ ಮೇಲಿದ್ದದ್ದು ಆ ಊರಿನ ಪೋಸ್ಟ್‌ಮಾಸ್ಟರ್ ತಾನೇ ಮುದ್ರಿಸಿಕೊಂಡಿದ್ದ ಚೀಟಿ, ನೀಲಿ ಕಾಗದದಲ್ಲಿ ಇಂದು ತಿಳಿದಿರುವ ಒಂದೇ ಒಂದು. ‘ಬ್ಲೂ ಬಾಯ್’ ಎಂದು ಹೆಸರಾದ ಆ ಕವರು 2019ರಲ್ಲಿ 11,80,000 ಡಾಲರಿಗೆ ಹೋಯಿತು.

ಇಡುವ ಬಗೆ

ಪಿವಿಸಿ ಹಾಳೆಗಳಿಂದ ಎಣ್ಣೆಯಂಥ ದ್ರವ ಒಸರಿ ಶಾಯಿಯನ್ನು ಕದಡುತ್ತದೆ. ಮೈಲಾರ್ ಅಥವಾ ಮೆಲಿನೆಕ್ಸ್ ಎಂಬ ಪಾಲಿಯೆಸ್ಟರ್ ಚೀಲವೇ ಸರಿ, ಹಿಂದೆ ಆಮ್ಲರಹಿತ ರಟ್ಟು. ಅರಗಿನ ಮುದ್ರೆ ಇದ್ದರೆ ಮೇಲೆ ಭಾರ ಹೇರಬೇಡಿ, ಒಡೆಯುತ್ತದೆ. ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ; ಒಮ್ಮೆ ಮಾಡಿಸಿದರೆ ಕವರು ಹೋದಂತೆಯೇ. ತೇವಾಂಶ 40ರಿಂದ 50 ಪ್ರತಿಶತದಲ್ಲಿ ಇರಬೇಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಹಾಗೆಯೇ ಬಿಟ್ಟರೆ ಕಂದು ಚುಕ್ಕಿಗಳೇಳುತ್ತವೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು, ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಹಾಕಿ, ಒಳಗೊಂದು ತೇವಾಂಶ ಮಾಪಕ ಇಡಿ. ನುಸಿಗುಳಿಗೆ ಪ್ಲಾಸ್ಟಿಕ್ಕಿನ ಜೊತೆ ಕೂಡದು.

ಪ್ರತಿ ಕವರಿಗೂ ಒಂದು ಪುಟ ಮಾಡಿ: ಹೊರಟ ಊರು, ತಲುಪಿದ ಊರು, ತಾರೀಖು ಹೇಗೆ ತಿಳಿಯಿತು, ದರ ಏಕೆ ಅಷ್ಟು, ಪ್ರಮಾಣಪತ್ರದ ಸಂಖ್ಯೆ, ಯಾರಿಂದ ಬಂತು. ಕವರಿನ ಮೇಲೆ ಪೆನ್ಸಿಲಿನಿಂದ ಕೂಡ ಏನನ್ನೂ ಬರೆಯಬೇಡಿ, ಹಳೆಯ ಮಾಲೀಕರ ಬರಹವನ್ನು ಅಳಿಸಲೂ ಬೇಡಿ. ಯುಎಸ್ ಫಿಲಾಟೆಲಿಕ್ ಕ್ಲಾಸಿಕ್ಸ್ ಸೊಸೈಟಿ 1847ರ ಚೀಟಿಯಿರುವ ಕವರುಗಳ ಗಣತಿಯನ್ನು ಜಾಲತಾಣದಲ್ಲಿ ಇಟ್ಟಿದೆ. ಕೊಳ್ಳುವ ಮೊದಲು ಅದರಲ್ಲಿ ನಿಮ್ಮ ಕವರು ಹುಡುಕಿ. ಹಳೆಯ ಚಿತ್ರದಲ್ಲಿ ಲೇಖನಿ ಗೀಟಿದ್ದು ಈಗ ಕೆಂಪು ಮೊಹರಿದ್ದರೆ ಮೋಸ ಅಲ್ಲೇ ಸಿಕ್ಕಿಬೀಳುತ್ತದೆ. ಪಟ್ಟಿಯಲ್ಲಿ ಇಲ್ಲದಿದ್ದರೆ ಎರಡೂ ಬದಿಯ ಸ್ಕ್ಯಾನ್ ಕಳುಹಿಸಿ ಸೇರಿಸಲು ಕೇಳಿಕೊಳ್ಳಿ.